ಚಾಂದಸಾಬ ಒಯ್ಯದ ಹಕ್ಕಿ

ಎರಡು ಕಡೆಯವರು ಬಡಿದಾಡುವಾಗ ನಡುವೆ ನಿಂತು ನ್ಯಾಯ ಹೇಳುವ ಒಬ್ಬ ವಿದ್ಯಾವಂತನಿದ್ದರೆ ಲೋಕಕ್ಕೆ ಕ್ಷೇಮ ಎಂದು ನಾನು ಬಹಳ ಕಾಲ ನಂಬಿದ್ದೆ. ನನ್ನ ನ್ಯಾಯಕ್ಕೆ ಒಳಪಟ್ಟ ಪ್ರಜೆಗಳು ಒಟ್ಟು ಆರು: ಎರಡು ಗಂಡು ಲಾವಕ್ಕಿ, ನಾಲ್ಕು ಹೆಣ್ಣು ಲಾವಕ್ಕಿ. ಅವುಗಳಲ್ಲಿ ಒಂದನ್ನು ನಾನೇ ಒಯ್ದು ಹದ್ದಿನ ಬಾಯಿಗೆ ಹಾಕಿದೆ. ಆಮೇಲೆ, ಅದನ್ನು ಚಾಂದಸಾಬ ಒಯ್ದನೆಂದು ಹೇಳಿದೆ.

ತಪ್ಪು ಇಷ್ಟೇ. ಬರೆಯುವುದಕ್ಕೆ ಎರಡು ಸಾಲು ಸಾಕಾದವು. ಹೇಳುವುದಕ್ಕೆ ಮಾತ್ರ— ನನಗೀಗ ಎಂಬತ್ತು ದಾಟಿದೆ. ಇದನ್ನು ಕೇಳಬೇಕಾದವರು ಇಬ್ಬರು. ಒಬ್ಬಳು ತೀರಿಕೊಂಡಿದ್ದಾಳೆ, ಇನ್ನೊಬ್ಬ ಯಾವ ಊರಿಗೆ ಹೋದನೆಂಬುದೇ ನನಗೆ ಗೊತ್ತಿಲ್ಲ. ಇಷ್ಟು ಸುರಕ್ಷಿತವಾದ ಹೊತ್ತು ನೋಡಿ ತಪ್ಪೊಪ್ಪಿಕೊಳ್ಳುವುದೂ ಒಂದು ಜಾಣತನವೇ. ಅದನ್ನೂ ನನ್ನ ತಪ್ಪಿಗೇ ಸೇರಿಸಿಕೊಳ್ಳಿ.

ಆಗ ನಾನು ಕಲಬುರಗಿಯ ಒಂದು ಸರ್ಕಾರಿ ಶಾಲೆಯಲ್ಲಿ ಗಣಿತದ ಮಾಸ್ತರ. ನಿಜಾಮರ ರಾಜ್ಯ, ಕೂಡಿಸುವುದು, ಕಳೆಯುವುದು, ಭಾಗಿಸುವುದು ಎಲ್ಲವೂ ಉರ್ದುವಿನಲ್ಲಿ. ಮೈಮೇಲೆ ಶೇರವಾನಿ, ಹಣೆಯ ಮೇಲೆ ವಿಭೂತಿ, ಅದರ ಮೇಲೆ ಕುಚ್ಚು ಇಳಿಬಿದ್ದ ಕೆಂಪು ರೂಮಿ ಟೊಪ್ಪಿಗೆ. ಕನ್ನಡಿಯ ಮುಂದೆ ನಿಂತರೆ ನನಗೆ ನಾನೇ ಒಂದು ಒಪ್ಪಂದದ ಕಾಗದದಂತೆ ಕಾಣುತ್ತಿದ್ದೆ. ವಯಸ್ಸು ಇಪ್ಪತ್ತನಾಲ್ಕು. ಮದುವೆಯಾಗಿರಲಿಲ್ಲ. ಮೋಮಿನಪುರಕ್ಕೆ ತಿರುಗುವ ಓಣಿಯ ಮೂಲೆಯಲ್ಲಿ ಮನೆ, ಹಿಂದೆ ಒಂದು ಬೇವಿನ ಮರವಿದ್ದ ಹಿತ್ತಲು.

೧೯೪೮ರ ಆ ಮಳೆಗಾಲದಲ್ಲಿ ಹಳ್ಳಿಗಳ ಮೇಲೆ ದಾಳಿಯ ಭಯ ಹೆಚ್ಚಿತ್ತು. ಜನ ಎತ್ತಿನ ಗಾಡಿ ಕಟ್ಟಿಕೊಂಡು ಊರು ಬಿಡುತ್ತಿದ್ದರು. ಹಾಗೆಯೇ ಒಂದು ಸಂಜೆ ಕಮಲಾಪುರದಿಂದ ನನ್ನ ಅಕ್ಕ ಗೌರಕ್ಕ ಬಂದಿಳಿದಳು. ನನಗಿಂತ ಹನ್ನೆರಡು ವರ್ಷ ದೊಡ್ಡವಳು, ಮಕ್ಕಳಿಲ್ಲದ ವಿಧವೆ. ಗಂಡ ಬಿಟ್ಟುಹೋದ ಹೊಲವನ್ನೂ ಕೆಂಪು ಬಾಳೆಯ ಒಂದು ತೋಟವನ್ನೂ ಒಬ್ಬಳೇ ನಿಭಾಯಿಸುತ್ತಿದ್ದ ಗಟ್ಟಿ ಹೆಂಗಸು. ಗಾಡಿಯಿಂದ ಇಳಿದವಳ ಕೈಯಲ್ಲಿ ಬಟ್ಟೆ ಮುಚ್ಚಿದ ಒಂದು ಬಿದಿರಿನ ಬುಟ್ಟಿ ಮಾತ್ರ ಇತ್ತು.

“ಅಕ್ಕಾ, ಗಂಟುಮೂಟಿ ಎಲ್ಲಿ?”

“ಇದೇ ಗಂಟುಮೂಟಿ. ಮನಿಗಿ ಕೀಲಿ ಹಾಕೀನಿ, ಎಮ್ಮಿ ವಾಲಿಕಾರನ ಕಡಿ ಬಿಟ್ಟೀನಿ. ಇವನ್ನ ಯಾರ ಕಡಿ ಬಿಡ್ಲಿ? ಬಿಟ್ರ ಸಂಜಿಗೇ ಸಾರ ಮಾಡ್ಯಾರು!”

ಬಟ್ಟೆ ಸರಿಸಿದಳು. ಐದು ಲಾವಕ್ಕಿಗಳು. ಕಮಲಾಪುರದಲ್ಲಿ ಇದಕ್ಕೆ ಬುರ್ಲಿ ಅನ್ನುತ್ತಾರೆ, ಮೋಮಿನಪುರದಲ್ಲಿ ಬಟೇರ. ಮುಷ್ಟಿಯಲ್ಲಿ ಹಿಡಿಸುವಷ್ಟು ಹಕ್ಕಿ, ಬಾಲವೇ ಇಲ್ಲವೇನೋ ಅನ್ನುವಷ್ಟು ಗುಂಡಗೆ, ನೆಲದ ಬಣ್ಣ. ಬಲೆ ಹಾಕಿ ಹಿಡಿದವನೊಬ್ಬ ಅವುಗಳನ್ನು ಸುಡಲು ಅವಳ ಹೊಲದ ಬದುವಿನಲ್ಲೇ ಬೆಂಕಿ ಹಾಕಿದ್ದನಂತೆ. ಒಂದು ಮೊರ ಸಜ್ಜೆ ಅಳೆದುಕೊಟ್ಟು ಬಿಡಿಸಿಕೊಂಡು ಬಂದಿದ್ದಳು. ನಾಲ್ಕು ಹೆಣ್ಣು, ಒಂದು ಗಂಡು. ಗಂಡಿಗೆ ಎದೆಯ ಮೇಲೆ ಕಪ್ಪು ಮಚ್ಚೆ, ಮೈತುಂಬ ದನಿ. ನಸುಕು ಹರಿಯುವ ಮೊದಲೇ ಕೂಗಿ ಎಬ್ಬಿಸುತ್ತದೆಂದು ಅದಕ್ಕೆ ಜಮಾದಾರ ಎಂದು ಹೆಸರಿಟ್ಟಿದ್ದಳು. ಅವಳು ಬಾಯಿಂದ “ವಿಟ್-ವಿಟ್” ಅಂದರೆ ಅದು ತಿರುಗಿ “ವಿಟ್-ವಿಟ್” ಅನ್ನುತ್ತಿತ್ತು. ಹನ್ನೆರಡು ವರ್ಷ ಒಂಟಿಯಾಗಿ ಇದ್ದವಳ ಮನೆಯಲ್ಲಿ ಮಾತಿಗೆ ಮಾತು ಕೊಡುತ್ತಿದ್ದದ್ದು ಅದೊಂದೇ. ಆಗ ನನಗೆ ಇದು ಹೊಳೆದಿರಲಿಲ್ಲ. ಹೊಳೆದಿದ್ದರೆ— ಇರಲಿ.

ನನಗೆ ಮಾತ್ರ ಹುಚ್ಚು ಹಿಡಿಯಿತು! ಒಂದೇ ವಾರದಲ್ಲಿ ಬೇವಿನ ಬುಡಕ್ಕೆ ಮಣ್ಣಿನ ಅರೆಗೋಡೆ ಎಬ್ಬಿಸಿದೆ, ಮೇಲೆ ಜಾಳಿಗೆ ಬಿಗಿದೆ, ಬಾಗಿಲು ಮಾಡಿದೆ. ಶಾಲೆಯಲ್ಲಿ ಭಾಗಾಕಾರ ಹೇಳುತ್ತಿದ್ದರೂ ಮನಸ್ಸು ಹಿತ್ತಲಿನಲ್ಲಿ. ಸಾಲದ್ದಕ್ಕೆ ಮೋಮಿನಪುರದ ಹಕ್ಕಿ ಮಾರುವವನಿಗೆ ನನ್ನ ಹಳೆಯ ಕೊಡೆ ಕೊಟ್ಟು ಸ್ವಂತಕ್ಕೆ ಇನ್ನೊಂದು ಗಂಡು ತಂದೆ. ನಡುಮಳೆಗಾಲದಲ್ಲಿ ಕೊಡೆ ಕೊಟ್ಟು ಹಕ್ಕಿ ತಂದವನ ಬುದ್ಧಿಯನ್ನು ಓದುಗರು ಇಲ್ಲಿಯೇ ಅಳೆದುಕೊಳ್ಳಬಹುದು. ಆದರೆ ಎಂಥ ಹಕ್ಕಿ! ಗರಿ ಕೊಂಕಿದ್ದಿಲ್ಲ, ಕೂಗಿದ್ದಿಲ್ಲ, ಕಾಲು ಎತ್ತಿ ಎತ್ತಿ ಇಟ್ಟು ಕಚೇರಿಗೆ ಹೊರಟವನಂತೆ ನಡೆಯುತ್ತಿತ್ತು. ಮುನ್ಷಿ ಎಂದು ಕರೆದೆ.

“ತಮ್ಮಾ, ಒಂದು ಊರಿಗಿ ಇಬ್ಬರು ಗೌಡ್ರು ಮಾಡ್ದಿ,” ಅಂದಳು ಗೌರಕ್ಕ.

ಮರುದಿನವೇ ಹಿತ್ತಲಿನಲ್ಲಿ ಗದ್ದಲ. ಗಂಡು ಲಾವಕ್ಕಿ ನೋಡಲಿಕ್ಕೆ ಸಾಧು. ಇನ್ನೊಂದು ಗಂಡಿನ ಮುಖ ಕಂಡರೆ ಮಾತ್ರ ಕತ್ತು ಚಾಚಿ, ತುದಿಗಾಲಲ್ಲಿ ನಿಂತು, ನೆತ್ತಿಗೆ ಕುಕ್ಕುತ್ತದೆ. ಬಿಡಿಸಿದರೆ ಮತ್ತೆ ಕುಕ್ಕುತ್ತದೆ.

ಈ ವಿಷಯದಲ್ಲಿ ಕಲಬುರಗಿಗೇ ತಿಳಿದವನೆಂದರೆ ಚಾಂದಸಾಬ. ನಮ್ಮ ಓಣಿಯ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆಲ್ಲ ಕಲಾಯಿ ಹಾಕುವವನು. ತಿದಿ ಊದಿ, ಕಾದ ಪಾತ್ರೆಯಲ್ಲಿ ನವಸಾಗರ ಉದುರಿಸಿ, ಬಿಳಿ ಹೊಗೆಯ ಒಳಗೆ ಕೈ ಹಾಕಿ ಅರಿವೆಯಿಂದ ಒಂದು ಸುತ್ತು ಒರೆಸಿದನೆಂದರೆ ಕರಿ ಪಾತ್ರೆ ಚಂದ್ರನಾಗುತ್ತಿತ್ತು. ಬಿಡುವಿನಲ್ಲಿ ಬಟೇರಬಾಜಿ, ಅಂದರೆ ಹಕ್ಕಿಗಳ ಕಾಳಗ. ಅವನ ಎಡಗೈ ಮುಷ್ಟಿಯಲ್ಲಿ ಯಾವಾಗಲೂ ಒಂದು ಹಕ್ಕಿ. ಬೆರಳ ಸಂದಿಯಿಂದ ಇಣುಕುವ ಅದರ ತಲೆ. ಅದರ ಹೆಸರು ಹೀರಾ. ಏಳು ಹಕ್ಕಿಗಳನ್ನು ಕಣದಿಂದ ಓಡಿಸಿದ ಹೀರಾ. ಬಲಗೈಯಿಂದ ಚಹಾ ಕುಡಿಯುತ್ತ, ಎಡಗೈಯಲ್ಲಿ ಹೀರಾನನ್ನು ಹಿಡಿದು, ನನ್ನ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಮಾಸ್ತರ ಸಾಬ, ನಾಕು ಹೆಣ್ಣಿಗಿ ಒಂದೇ ಗಂಡು ಇರ್ಬೇಕ್ರಿ. ಎರಡು ಇಟ್ರ ನಡುಬರಕ ಹಲಗಿ ಹಾಕ್ರಿ, ಒಂದರ ಮಾರಿ ಒಂದಕ್ಕ ಕಾಣಬಾರ್ದು. ತೊಗರಿ ಕಟ್ಟಿಗಿ ಹಾಕ್ರಿ ಒಳಗ, ಸೋತದ್ದು ಅಡಗಲಾಕ ಜಾಗ ಬೇಕಲ್ಲ? ಬ್ಯಾರೇ ಮನಿಯಾಗ ಹೆಚ್ಚಾದ ಗಂಡು ಒಲಿ ಮ್ಯಾಲ ಹೋಗ್ತಾವ. ನಿಮ್ಮ ಮನಿಯಾಗ ಮುದುಕರಾಗ್ತಾವ, ಅದೇ ಪಂಚಾಯ್ತಿ!” ನಕ್ಕ. “ಇಲ್ಲಂದ್ರ ಒಂದು ನನಗ ಕೊಟ್ಟುಬಿಡ್ರಿ.”

“ಕೊಡಲ್ಲೋ ಚಾಂದಸಾಬ,” ಅಂದಳು ಗೌರಕ್ಕ ಒಳಗಿನಿಂದ. “ನನ್ನ ಜಮಾದಾರನ ಮ್ಯಾಲ ಕಣ್ಣು ಹಾಕಬ್ಯಾಡ.”

“ತೋಬಾ ಅಕ್ಕಾರ! ಕೇಳದ ಒಯ್ಯಂವಲ್ಲ ನಾ.”

ಈ ಮಾತನ್ನು ನೆನಪಿನಲ್ಲಿಡಿ. ನನ್ನ ನೆನಪಿನಲ್ಲಿ ಉಳಿದಿದೆ.

ಹಲಗೆ ಹಾಕುವುದೆಂದರೆ ಸೋಲೊಪ್ಪಿಕೊಂಡಂತೆ ಎಂದು ನನಗೆ ಅನಿಸಿತು. ಓದಿದವನು, ಶಾಂತಿ ಸ್ಥಾಪಿಸಬಲ್ಲವನು, ಗೋಡೆ ಕಟ್ಟಿ ಕೈ ತೊಳೆದುಕೊಳ್ಳುವುದೇ? ಶಾಸನ ಮಾಡಿದೆ. ಕಾಳಿಗೆ ಎರಡು ಕಡೆ ತಟ್ಟೆ. ಧೂಳಿನ ಸ್ನಾನಕ್ಕೆ ಎರಡು ಸರದಿ. ಗದ್ದಲ ಮಾಡಿದವನಿಗೆ ಅರ್ಧ ಗಂಟೆ ಬುಟ್ಟಿಯ ಕೆಳಗೆ ಬಂದೀಖಾನೆ. ಚಾಂದಸಾಬ ತಾನೇ ತಂದು ಹರಡಿದ್ದ ತೊಗರಿ ಕಟ್ಟಿಗೆಗಳನ್ನು ಎರಡನೆಯ ದಿನವೇ ಕಿತ್ತು ಎಸೆದೆ. ಏಕೆಂದರೆ ನ್ಯಾಯಾಧೀಶನಿಗೆ ಎಲ್ಲವೂ ಕಾಣಬೇಕು. ಮೂಲೆ ಮರೆ ಇದ್ದರೆ ಅಪರಾಧಿ ತಪ್ಪಿಸಿಕೊಳ್ಳುತ್ತಾನೆ.

ಕಂಡದ್ದೇನು? ಶಾಲೆಯಿಂದ ಬಂದು ಟೊಪ್ಪಿಗೆಯನ್ನೂ ತೆಗೆಯದೆ ಹಿತ್ತಲಿಗೆ ಓಡುತ್ತಿದ್ದೆ. ಪ್ರತಿದಿನವೂ ಒಂದೇ ದೃಶ್ಯ. ಜಮಾದಾರ ಕೂಗಾಡುತ್ತ, ಜಾಳಿಗೆಗೆ ಹಾರಿ ಹಾರಿ ಬೀಳುತ್ತ, ಎದೆಯ ಗರಿಯೆಲ್ಲ ಕೆದರಿ ಹುಚ್ಚಾಟ ಮಾಡುತ್ತಿತ್ತು. ಮುನ್ಷಿ ಒಂದು ಮೂಲೆಯಲ್ಲಿ, ಸ್ವಚ್ಛವಾಗಿ, ಗರಿ ತಿದ್ದಿಕೊಳ್ಳುತ್ತ ನಿಂತಿರುತ್ತಿತ್ತು. ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಜಮಾದಾರನನ್ನು ಎತ್ತಿ ಬುಟ್ಟಿಯ ಕೆಳಗೆ ಹಾಕುತ್ತಿದ್ದೆ. ಅರ್ಧ ಗಂಟೆ ಮುಗಿಸಿ ಹೊರಬಂದರೆ ಅದು ಇನ್ನಷ್ಟು ಬೆದರುತ್ತಿತ್ತು. ಶಿಕ್ಷೆ ಸಾಲದು ಎಂದುಕೊಂಡು ಮುಕ್ಕಾಲು ಗಂಟೆ ಮಾಡಿದೆ.

“ಅದು ಗದ್ಲ ಮಾಡ್ತದ ಖರೆ, ಆದ್ರ ಅಂಜಿ ಮಾಡ್ಲಾಕತ್ತದ ಅಂತೀನಿ,” ಅನ್ನುತ್ತಿದ್ದಳು ಗೌರಕ್ಕ.

“ಅಕ್ಕಾ, ಇದು ನಿನಗ ತಿಳಿಯಾಂಗಿಲ್ಲ.”

ಇಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಬಂತು. ಎಂಥ ದಿನಗಳು! ಶಾಲೆ ಮುಚ್ಚಿತು. ಬೇವಿನ ಮರದ ಮೇಲೆ ವಿಮಾನ ಗುಡುಗಿತು; ಆರೂ ಹಕ್ಕಿಗಳು ಒಮ್ಮೆಲೇ ಜಾಳಿಗೆಗೆ ಹಾರಿ ಬಿದ್ದವು, ನಾನೂ ಗೌರಕ್ಕನೂ ಕಟ್ಟಿಗೆಯ ಒಟ್ಟಿನ ಹಿಂದೆ ಬಿದ್ದೆವು. ರೇಡಿಯೋ ಇದ್ದ ಒಂದೇ ಮನೆಯ ಮುಂದೆ ಓಣಿಗೆ ಓಣಿಯೇ ನಿಂತಿತ್ತು. ಇಂಡಿಯಾದ ಲಷ್ಕರು ಸೋಲಾಪುರದ ಕಡೆಯಿಂದ ಬಂತಂತೆ, ಇಲ್ಲಿ ಬಂತಂತೆ, ಬಂದೇಬಿಟ್ಟಿತಂತೆ! ಐದು ದಿನದಲ್ಲಿ ಒಂದು ರಾಜ್ಯವೇ ಮುಗಿಯಿತು. ನನ್ನ ಹಿತ್ತಲಿನ ಯುದ್ಧ ಆರನೆಯ ವಾರಕ್ಕೆ ಕಾಲಿಟ್ಟಿತ್ತು.

ಬೀದಿಯಲ್ಲಿ ತ್ರಿವರ್ಣದ ಬಾವುಟ, ಬೆಲ್ಲ, ಗುಲಾಲು. ನಾನೂ ಕೂಗಿದೆ; ಗಂಟಲು ಕಟ್ಟುವ ತನಕ ಕೂಗಿದೆ. ಮನೆಗೆ ಬಂದು ರೂಮಿ ಟೊಪ್ಪಿಗೆಯನ್ನು ಏನು ಮಾಡುವುದೆಂದು ತಿಳಿಯದೆ, ಒಳಗೆ ಹುಲ್ಲು ತುಂಬಿ ಗೂಡಿನಲ್ಲಿ ಬಾಯಿ ಮೇಲಾಗಿ ಇಟ್ಟೆ. ಮರುದಿನವೇ ಒಂದು ಹೆಣ್ಣು ಅದರಲ್ಲಿ ಮೊಟ್ಟೆ ಇಟ್ಟಿತು. ರಾಜ್ಯ ಬದಲಾದದ್ದನ್ನು ಅಷ್ಟು ಸಮಾಧಾನದಿಂದ ಸ್ವೀಕರಿಸಿದವರು ನಮ್ಮ ಓಣಿಯಲ್ಲಿ ಇನ್ನೊಬ್ಬರಿರಲಿಲ್ಲ.

ಓಣಿಯ ಆ ತುದಿಯಲ್ಲಿ, ಮೋಮಿನಪುರದ ಕಡೆ, ಗುಲಾಲು ಇರಲಿಲ್ಲ. ಬಾಗಿಲುಗಳು ಮುಚ್ಚಿದ್ದವು. ಚಾಂದಸಾಬನ ತಿದಿ ಸುಮ್ಮನಾಗಿತ್ತು. ಹೊರಗೆ ಬರಲೇಬೇಕಾದ ಗಂಡಸರು ಟೊಪ್ಪಿಗೆಯಿಲ್ಲದೆ, ಗೋಡೆ ಹಿಡಿದು ನಡೆಯುತ್ತಿದ್ದರು. ಯಾರು ಯಾರ ಹೆಸರು ಹೇಳಿದರೂ ನಾಕೆಯಲ್ಲಿ ಲಷ್ಕರಿನವರು ಬರೆದುಕೊಳ್ಳುತ್ತಿದ್ದ ದಿನಗಳವು. ನನಗೆ ಇದೆಲ್ಲ ಕಾಣುತ್ತಿರಲಿಲ್ಲವೆಂದಲ್ಲ— ಕಾಣುತ್ತಿತ್ತು. ನಾನು ಸಂತೋಷದಲ್ಲಿದ್ದೆ.

ದಾರಿ ತೆರೆದ ಕೂಡಲೇ ಗೌರಕ್ಕ ತನ್ನ ಮನೆ ನೋಡಿ ಬರಲು ಕಮಲಾಪುರಕ್ಕೆ ಹೊರಟಳು. ಗಾಡಿ ಹತ್ತುವಾಗ ಒಂದೇ ಮಾತು: “ಜಮಾದಾರನ್ನ ನೋಡ್ಕೋ. ಬುಟ್ಟಿ ಕೆಳಗ ಹಾಕಬ್ಯಾಡ.”

ಮೂರನೆಯ ದಿನ ಬೆಳಿಗ್ಗೆ ಹಿತ್ತಲಿಗೆ ಹೋದೆ. ಜಮಾದಾರನ ನೆತ್ತಿಯ ಚರ್ಮ ಕಿತ್ತುಬಂದಿತ್ತು. ಕೊಕ್ಕು ಕೆಂಪು, ಎದೆ ಕೆಂಪು. ಗೂಡಿನ ನಡುವೆ ನಿಂತು ನಡುಗುತ್ತಿತ್ತು. ಎರಡು ಹೆಜ್ಜೆ ಆಚೆ ಮುನ್ಷಿ— ಒಂದು ಗರಿಯೂ ಕೊಂಕದೆ, ಕಾಲಿಗೆ ಮಣ್ಣು ಸಹ ಹತ್ತದೆ. ನಾನು ಅಲ್ಲೇ ತೀರ್ಪು ಕೊಟ್ಟೆ. ರಕ್ತ ಯಾವುದರ ಮೈಮೇಲಿದೆಯೋ ಅದೇ ರಕ್ತ ಹರಿಸಿದ್ದು! ಐದು ನಿಮಿಷವೂ ಬೇಕಾಗಲಿಲ್ಲ. ಗೌರಕ್ಕ ಬಂದರೆ ಅಡ್ಡ ಬರುತ್ತಾಳೆ. ಬರುವುದರೊಳಗೆ ಗಡೀಪಾರು ಮಾಡಿ ಮುಗಿಸಬೇಕು. ನಾಲ್ಕು ಹೆಣ್ಣಿಗೆ ಒಂದೇ ಗಂಡು— ಚಾಂದಸಾಬ ಹೇಳಿದ್ದೂ ಅದೇ ಅಲ್ಲವೇ?

ಕೈಚೀಲದಲ್ಲಿ ಹಾಕಿಕೊಂಡು ಕೋಟನೂರದ ದಾರಿ ಹಿಡಿದೆ. ನಾಕೆಯಲ್ಲಿ ಲಷ್ಕರಿನವನೊಬ್ಬ ತಡೆದ. ಎತ್ತರದ ಆಳು, ಬಂದೂಕು. “ಥೈಲಿ ಮೇ ಕ್ಯಾ ಹೈ?” ಚೀಲದ ಬಾಯಿ ಬಿಚ್ಚಿದೆ. ಅವನು ಬಗ್ಗಿ ನೋಡಿದ, ನೋಡಿ ಮುಖವೆಲ್ಲ ಅರಳಿತು. “ಅರೇ, ಬಟೇರ!” ಅಂದ, ಊರಿನವರು ಯಾರೋ ಸಿಕ್ಕಂತೆ. ಆಮೇಲೆ ನೆತ್ತಿಯ ಗಾಯ ನೋಡಿ, “ಬೇಚಾರಾ, ಬಹುತ್ ಮಾರ್ ಖಾಯಾ,” ಅಂದು ದಾರಿ ಬಿಟ್ಟ.

ಪಾಪ, ಬಹಳ ಹೊಡೆಸಿಕೊಂಡಿದೆ— ಎಂದು ಅವನು ಹೇಳಿದ. ವಾರದ ಹಿಂದಷ್ಟೇ ಊರಿಗೆ ಬಂದ ಅಪರಿಚಿತನಿಗೆ ಒಂದೇ ನೋಟಕ್ಕೆ ತಿಳಿದದ್ದು. ನಾನು ಆ ಮಾತಿನ ಉರ್ದು ವ್ಯಾಕರಣವನ್ನು ಮೆಚ್ಚಿಕೊಳ್ಳುತ್ತ ಮುಂದೆ ನಡೆದೆ.

ಕೋಟನೂರದ ಹತ್ತಿರ, ಹೆಸರು ಕಿತ್ತು ಖಾಲಿಯಾದ ಒಂದು ಹೊಲದಲ್ಲಿ ಬಿಟ್ಟೆ. ಪಕ್ಕದಲ್ಲೇ ತೊಗರಿ ಆಳೆತ್ತರ ನಿಂತಿತ್ತು. ಅಲ್ಲಿ ಬಿಡಬಹುದಿತ್ತು. ಬಯಲಿನಲ್ಲಿ ಓಡಾಡಲು ಸಲೀಸು ಎಂದು ನನ್ನ ಲೆಕ್ಕ. ಲಾವಕ್ಕಿಗೆ ಮರೆಯೇ ಜೀವ ಎಂಬುದು ಗಣಿತದಲ್ಲಿ ಬರುವುದಿಲ್ಲ. ಜಮಾದಾರ ಓಡಲಿಲ್ಲ. ಕರಿ ಮಣ್ಣಿನ ಮೇಲೆ ನನ್ನ ಚಪ್ಪಲಿಗೆ ಒತ್ತಿಕೊಂಡು ನಿಂತಿತು. “ಹೋಗು, ನಿನಗೂ ಸ್ವಾತಂತ್ರ್ಯ ಬಂತು,” ಅಂದೆ. ನಿಜವಾಗಿಯೂ ಹಾಗೆ ಅಂದೆ. ಕಾಲಿನಿಂದ ನೂಕಿದೆ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನನ್ನನ್ನು ನೋಡಿತು. ಮೇಲಿನಿಂದ ಹದ್ದು ಇಳಿಯಿತು. ಕೂಗಿದೆ, ಕೈ ಬೀಸಿದೆ, ಹೆಂಟೆ ಎತ್ತಿ ಎಸೆದೆ. ಹೆಂಟೆ ಅರ್ಧ ದೂರವೂ ಹೋಗಲಿಲ್ಲ. ಊರೆಲ್ಲ ಎಬ್ಬಿಸುತ್ತಿದ್ದ ಹಕ್ಕಿ ಆಗ ಒಂದು ಸಲವೂ ಕೂಗಲಿಲ್ಲ.

ಅದೇ ಸಂಜೆ ಗೌರಕ್ಕ ಬಂದಳು. ಕಮಲಾಪುರದ ಮನೆಯ ಬಾಗಿಲನ್ನೇ ಕಿತ್ತು ಒಯ್ದಿದ್ದರು. ಯಾರೆಂದು ಗೊತ್ತಾಗಲಿಲ್ಲ, ಯಾರು ಬೇಕಾದರೂ ಆಗಿರಬಹುದಾದ ದಿನಗಳು. ಹಗೇವಿನ ಜೋಳ ಹೋಗಿತ್ತು. ಅಟ್ಟದ ಮೂಲೆಯ ಒಂದು ಗಡಿಗೆಯಲ್ಲಿ ಮಾತ್ರ ಸಜ್ಜೆ ಉಳಿದಿತ್ತಂತೆ. ಅದರಲ್ಲಿ ಒಂದು ಹಿಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದಳು. ಕಾಲು ತೊಳೆಯಲಿಲ್ಲ, ನೀರು ಕೇಳಲಿಲ್ಲ. ಗಂಟು ಬಿಚ್ಚುತ್ತಲೇ ಹಿತ್ತಲಿಗೆ ಹೋಗಿ “ವಿಟ್-ವಿಟ್” ಅಂದಳು. ಮತ್ತೊಮ್ಮೆ ಅಂದಳು.

“ಜಮಾದಾರ ಎಲ್ಲಿ?”

ನಾನು ಹೇಳಬೇಕೆಂದೇ ಬಾಯಿ ತೆರೆದೆ. ಖರೇ ಹೇಳಬೇಕೆಂದೇ. ಆದರೆ ಅವಳ ಕೈಯಲ್ಲಿನ ಆ ಸಜ್ಜೆ— ಬಾಯಿಂದ ಬಂದದ್ದು ಬೇರೆ.

“ಚಾಂದಸಾಬ ಒಯ್ದಾನ.”

ಅವಳು ನನ್ನ ಮುಖ ನೋಡಿದಳು. “ಕೇಳಿ ಒಯ್ದಾನೋ, ಕೇಳದ ಒಯ್ದಾನೋ?”

ಇಲ್ಲಿಯೂ ಒಂದು ಬಾಗಿಲು ತೆರೆದಿತ್ತು, ನೋಡಿ. ‘ಕೇಳಿ ಒಯ್ದ, ನಾನೇ ಕೊಟ್ಟೆ’ ಅನ್ನಬಹುದಿತ್ತು. ಬೈಗುಳ ನನ್ನ ಪಾಲಿಗೆ ಬರುತ್ತಿತ್ತು, ಅಷ್ಟೇ.

“ಕೇಳದ,” ಅಂದೆ.

ಗೌರಕ್ಕ ಸಜ್ಜೆಯನ್ನು ಹೆಣ್ಣು ಹಕ್ಕಿಗಳಿಗೆ ಚೆಲ್ಲಿದಳು. “ಅವನ ಕಡಿ ಹತ್ತು ಅವ. ನನಗ ಇದ್ದದ್ದು ಒಂದು,” ಅಂದಳು. ಮತ್ತೇನೂ ಅನ್ನಲಿಲ್ಲ.

ನನ್ನ ಹತ್ತಿರ ಅನ್ನಲಿಲ್ಲ, ಸರಿ. ಬಾವಿಕಟ್ಟೆಯಲ್ಲಿ ಅಂದಳು. ಬಾವಿಕಟ್ಟೆಯಿಂದ ಅದು ಮನೆಮನೆಗೆ ಹೋಯಿತು. ಬೇರೆ ದಿನಗಳಾಗಿದ್ದರೆ ಜನ ನಗುತ್ತಿದ್ದರು. ಬಟೇರಬಾಜಿಯವನು ಬಟೇರ ಕದ್ದನಂತೆ! ಆ ವಾರ ಯಾರೂ ನಗಲಿಲ್ಲ. ಮರುದಿನ ಓಣಿಯ ಹೆಂಗಸರು ಕಲಾಯಿಗೆ ಕೊಟ್ಟ ಪಾತ್ರೆಗಳನ್ನು ಹಾಗೆಯೇ ಕರ್ರಗೆ ವಾಪಸು ತಂದರು. ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಓಣಿಯ ಹಿರಿಯನೊಬ್ಬ ಅಂದ: “ಮಾಸ್ತರ, ನೀವು ಹೂಂ ಅನ್ರಿ. ನಾಳಿ ನಾಕೆಕ್ಕ ಹೋಗಿ ಅವನ ಹೆಸರು ಬರಿಸಿ ಬರ್ತೀವಿ. ಇವತ್ತು ಹಕ್ಕಿ, ನಾಳಿ ಏನೋ?”

ನಾನು ಹೂಂ ಅನ್ನಲಿಲ್ಲ. ಊಹೂಂ ಎಂದೂ ಅನ್ನಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗೌರಕ್ಕನೇ ಅಂದಳು: “ಒಂದು ಬುರ್ಲಿ ಸಲುವಾಗಿ ಮನಷ್ಯಾನ್ನ ಹಿಡುದು ಕೊಡ್ತೀರೇನ್ರೋ? ಏಳ್ರಿ, ಮನಿಗಿ ನಡೀರಿ.”

ಮಾತು ಓಣಿಯ ಆ ತುದಿಗೂ ಮುಟ್ಟಿರಬೇಕು. ಮರುದಿನ ಬೆಳಿಗ್ಗೆ ಚಾಂದಸಾಬ ಬಂದ. ಬರಿದಲೆ. ಯಾವಾಗಲೂ ಸೀದಾ ಹಿತ್ತಲಿಗೆ ನುಗ್ಗುತ್ತಿದ್ದವನು ಹೊಸ್ತಿಲ ಹೊರಗೆ, ಚಪ್ಪಲಿ ಬಿಟ್ಟು ನಿಂತ. ಎಡಮುಷ್ಟಿಯ ಮೇಲೆ ಒಂದು ಬಟ್ಟೆ ಮುಚ್ಚಿತ್ತು. ನಾನು ಬಾಗಿಲ ಹಿಂದೆ ಇದ್ದೆ. ಈಗ ಕೇಳುತ್ತಾನೆ: ಮಾಸ್ತರ, ನಾ ಯಾವಾಗ ಒಯ್ದೆ? ಕೇಳಲಿ. ಕೇಳಿದರೆ ಹೇಳಿಬಿಡುತ್ತೇನೆ. ಕೇಳಲಿ!

ಅವನು ನನ್ನನ್ನು ನೋಡಿದ. ಬಹಳ ಹೊತ್ತೇನಲ್ಲ. ಆಮೇಲೆ ಗೌರಕ್ಕನ ಕಡೆ ತಿರುಗಿದ.

“ಅಕ್ಕಾರ, ತಪ್ಪಾತ್ರಿ. ನಾನೇ ಒಯ್ದೀನಿ. ಅದು ನನ್ನ ಕೈಯಾಗ ಸತ್ತು ಹೋತು. ಅದರ ಬದ್ಲಿ ಇದು ಇಟ್ಕೋರಿ.”

ಬಟ್ಟೆ ಸರಿಸಿದ. ಬೆರಳ ಸಂದಿಯಿಂದ ಹೀರಾ ಇಣುಕಿತು.

ಆ ನೋಟವನ್ನು ನಾನು ಎಷ್ಟು ಸಲ ಬಿಡಿಸಿ ನೋಡಿದ್ದೇನೆ! ನನ್ನ ಮಾನ ಉಳಿಸಲು ಹೇಳಿದನೇ? ಹಾಗಿದ್ದರೆ ಅವನು ದೊಡ್ಡವನು, ನಾನು ಕೃತಜ್ಞ. ಬಹಳ ವರ್ಷ ಹೀಗೆಯೇ ಓದಿಕೊಂಡೆ, ಅದು ಹಿತವಾಗಿತ್ತು. ಆದರೆ ಆ ವಾರದಲ್ಲಿ ಆ ತುದಿಯ ಒಬ್ಬ ಮನುಷ್ಯ, ಈ ತುದಿಯ ಒಬ್ಬ ಮಾಸ್ತರ ಏನು ಹೇಳಿದರೂ ಹೌದೆನ್ನುತ್ತಿದ್ದ. ಹಕ್ಕಿಯೇನು, ಕೋಟೆಯನ್ನೇ ಕದ್ದೆಯಾ ಎಂದರೂ ಹೌದ್ರಿ ಅನ್ನುತ್ತಿದ್ದ. ಅದು ದೊಡ್ಡತನವಲ್ಲ, ಭಯ. ನನ್ನ ಬಗೆಗಿನ ಭಯ.

ಗೌರಕ್ಕ ಹೀರಾನನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳ ಮುಖ ಸಡಿಲಾಯಿತು. “ಬಂದು ಹೇಳ್ದಿಯಲ್ಲ, ಸಾಕು. ಬಾ ಒಳಗ. ಇದನ್ನ ಹ್ಯಾಂಗ ಇಡಬೇಕು, ತೋರ್ಸಿ ಹೋಗು,” ಅಂದಳು.

ಅವನು ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಖಾಲಿಯಾದ ಎಡಗೈಯನ್ನು ಏನು ಮಾಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಗೂಡಿನ ನಡುವೆ ಹಲಗೆ ನಿಲ್ಲಿಸಿದ. ಒಂದು ಬದಿಗೆ ಹೀರಾ ಮತ್ತು ಎರಡು ಹೆಣ್ಣು, ಇನ್ನೊಂದು ಬದಿಗೆ ಮುನ್ಷಿ ಮತ್ತು ಎರಡು ಹೆಣ್ಣು. ಹಾರಿದರೆ ತಲೆ ಒಡೆಯದಂತೆ ಜಾಳಿಗೆಯ ಕೆಳಗೆ ಬಟ್ಟೆ ಬಿಗಿದ. ನಾನು ಎಸೆದಿದ್ದ ತೊಗರಿ ಕಟ್ಟಿಗೆಯನ್ನು ಬೇಲಿಯ ಬದಿಯಿಂದ ತಾನೇ ಹೋಗಿ ಎತ್ತಿ ತಂದ. ನಾನು ಕೈ ಹಚ್ಚಲು ಹೋದರೆ, “ಇರ್ಲಿ ಬಿಡ್ರಿ,” ಅಂದ. ಆಮೇಲೆ ಹೆಣ್ಣುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಎರಡರ ನೆತ್ತಿಯ ಮೇಲೆ ಹೊಸ ರಕ್ತ. ಜಮಾದಾರ ಹೋಗಿ ಎರಡು ದಿನವಾಗಿತ್ತು.

ಗೌರಕ್ಕ ನೀರು ತರಲು ಒಳಗೆ ಹೋಗಿದ್ದಳು. ಅವನು ಮುನ್ಷಿಯ ಕಡೆ ಬೆರಳು ಮಾಡಿ, ದನಿ ಏರಿಸದೆ ಹೇಳಿದ:

“ಮಾಸ್ತರ ಸಾಬ, ನೆತ್ತಿ ಮ್ಯಾಲ ರಕ್ತ ಇದ್ದದ್ದು ಹೊಡಿಸಿಕೊಂಡದ್ದು ಇರ್ತದ್ರಿ. ಹೊಡದದ್ದು ಹಿಂಗೇ, ಸ್ವಚ್ಛ ಇರ್ತದ.”

ನೀರು ಕುಡಿದು ಎದ್ದು ಹೋದ. ಹಿತ್ತಲಿನಲ್ಲಿ ಅಷ್ಟು ಶಾಂತಿ ಅದಕ್ಕೆ ಮೊದಲು ಇರಲಿಲ್ಲ. ಒಂದು ಹಲಗೆ ಸಾಕಾಗಿತ್ತು.

ಓಣಿಯ ಪಾತ್ರೆಗಳು ಅವನಲ್ಲಿಗೆ ತಿರುಗಿ ಹೋಗಲಿಲ್ಲ. ಅವನೇ ಒಪ್ಪಿಕೊಂಡ ಮೇಲೆ ಕಳ್ಳನೆಂಬುದಕ್ಕೆ ಇನ್ನೇನು ಬೇಕು? ಬೇರೊಬ್ಬ ಕಲಾಯಿಯವನು ಬರತೊಡಗಿದ. ದೀಪಾವಳಿಯ ಹೊತ್ತಿಗೆ ಚಾಂದಸಾಬನ ಅಂಗಡಿಗೆ ಬೀಗ ಬಿದ್ದಿತ್ತು. ಹೈದರಾಬಾದಿಗೆ ಹೋದನೆಂದರು, ಸೋಲಾಪುರಕ್ಕೆಂದರು. ಗೌರಕ್ಕನಿಗೆ ಹೊರಲಾಗದೆ ಅವನಲ್ಲೇ ಉಳಿದಿದ್ದ ನಮ್ಮ ತಾಮ್ರದ ಹಂಡೆ ಅದಕ್ಕೆ ಮುಂಚಿನ ಒಂದು ಬೆಳಿಗ್ಗೆ ನಮ್ಮ ಕಟ್ಟೆಯ ಮೇಲಿತ್ತು. ಒಳಗೆ ಹೊಸ ಕಲಾಯಿ. ಬಗ್ಗಿ ನೋಡಿದರೆ ನನ್ನ ಮುಖ ಕಾಣುತ್ತಿತ್ತು. ನಾನು ಎರಡನೆಯ ಸಲ ಬಗ್ಗಲಿಲ್ಲ.

ಗೌರಕ್ಕ ಹೀರಾನನ್ನು ಬುಟ್ಟಿಯಲ್ಲಿಟ್ಟುಕೊಂಡು ಕಮಲಾಪುರಕ್ಕೆ ತಿರುಗಿ ಹೋದಳು. ಬದುಕಿದ್ದಷ್ಟು ದಿನವೂ ಈ ಕಥೆ ಹೇಳಿದಳು. ಮದುವೆಯಿರಲಿ, ತೊಟ್ಟಿಲಿರಲಿ, ನಾಲ್ಕು ಜನ ಸೇರಿದರೆ ಸಾಕು: “ಕದ್ದರ ಕದ್ದ, ತಾನಾಗೇ ಬಂದು ಒಪ್ಪಿಕೊಂಡ ನೋಡ್ರಿ! ತನ್ನ ಜೀವದಂಥ ಹಕ್ಕಿ ಕೊಟ್ಟ. ನಿಮ್ಮೊಳಗ ಯಾರಿಗಿ ಅದ ಅಂಥಾ ಎದಿ?” ಎಲ್ಲರೂ ಚಾಂದಸಾಬನನ್ನು ಹೊಗಳುತ್ತಿದ್ದರು. ಎಷ್ಟು ಒಳ್ಳೆಯ ಕಳ್ಳ! ನಾನು ಪಕ್ಕದಲ್ಲೇ ಕೂತು ಅಡಿಕೆ ಕತ್ತರಿಸುತ್ತಿದ್ದೆ. ಒಂದೆರಡು ಸಲ ಅವಳು ಮರೆತ ಭಾಗವನ್ನು ನಾನೇ ನೆನಪಿಸಿದ್ದುಂಟು.

ಅವಳ ಕೊನೆಯ ದಿನಗಳಲ್ಲಿ, ಕಮಲಾಪುರದ ಮನೆಯಲ್ಲಿ, ನಾನು ಹಾಸಿಗೆಯ ಹತ್ತಿರ ಕೂತು “ಅಕ್ಕಾ, ಜಮಾದಾರ—” ಎಂದು ಶುರು ಮಾಡಿದೆ. ಅವಳು ಕಣ್ಣು ತೆರೆದು, ಒಣಗಿದ ತುಟಿಯಿಂದ “ವಿಟ್-ವಿಟ್” ಅಂದು ನಕ್ಕಳು. ನಾನೂ “ವಿಟ್-ವಿಟ್” ಅಂದೆ. ಅಷ್ಟೇ ಅಂದೆ.

ಹೋದ ತಿಂಗಳು ಅದೇ ಮನೆಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ಆ ಕಥೆ ಎತ್ತಿದರು. ಗೌರಕ್ಕನನ್ನು ನೋಡದವರು, ಚಾಂದಸಾಬನ ಹೆಸರು ಬಿಟ್ಟು ಬೇರೇನೂ ತಿಳಿಯದವರು, ‘ಕಳ್ಳ ಚಾಂದಸಾಬ’ ಎಂದೇ ಶುರು ಮಾಡಿದರು. ಆ ಹೆಸರು ನನಗಿಂತ ಹೆಚ್ಚು ಬಾಳುತ್ತದೆಂದು ಆಗ ನನಗೆ ತಿಳಿಯಿತು. ಎದ್ದು ನಿಲ್ಲಬೇಕೆಂದುಕೊಂಡೆ. ಅಷ್ಟರಲ್ಲಿ ಹೋಳಿಗೆ ಬಂತು.

ಆದ್ದರಿಂದ ಬರೆದಿದ್ದೇನೆ. ಶ್ರಾವಣದಲ್ಲಿ ಗೌರಕ್ಕನ ಪುಣ್ಯತಿಥಿಗೆ ಎಲ್ಲರೂ ಮತ್ತೆ ಕಮಲಾಪುರದಲ್ಲಿ ಸೇರುತ್ತಾರೆ. ಈ ಕಾಗದವನ್ನು ಅಲ್ಲಿ ನಾನೇ ನಿಂತು ಓದುತ್ತೇನೆ; ಎಲೆ ಹಾಕುವ ಮೊದಲೇ. ಚಾಂದಸಾಬನ ಮನೆಯವರು ಯಾರಾದರೂ ಎಲ್ಲಿಯಾದರೂ ಇದನ್ನು ಓದಿದರೆ— ಅವನು ಕೇಳದೆ ಏನನ್ನೂ ಒಯ್ಯಲಿಲ್ಲ. ಕೇಳಿಯೂ ಒಯ್ಯಲಿಲ್ಲ.

ಮುನ್ಷಿ ಅದಾದ ಮೇಲೆ ಎರಡು ವರ್ಷ ಬದುಕಿತು. ಸತ್ತಾಗ ಅದರ ಮೈಮೇಲೆ ಒಂದು ಗಾಯವೂ ಇರಲಿಲ್ಲ.